ಪಡುವಣಕ್ಕೆ ತಿರುಗಿಸಿದ ಎಲೆ

ನನ್ನ ಓರಗಿತ್ತಿಯ ಮೇಲೆ ನನಗೆ ಮೊದಲು ಹೊಟ್ಟೆಕಿಚ್ಚು ಹುಟ್ಟಿದ್ದು ನಲ್ಲಿಯ ನೀರಿನಿಂದ. ಅವಳ ಗಂಡ, ಎಂದರೆ ನನ್ನ ಮೈದುನ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿದ ಮೇಲೆ ಅವರಿಗೆ ಕ್ವಾರ್ಟರ್ಸ್ ಸಿಕ್ಕಿತು. ಆ ಮನೆಯಲ್ಲಿ ತಿರುಗಿಸಿದರೆ ನೀರು, ಒತ್ತಿದರೆ ದೀಪ. ನಾನು ಶಿವಮೊಗ್ಗದ ಬಜಾರಿನ ಹಿಂದಿನ ಓಣಿಯಲ್ಲಿ ಜವಳಿ ಅಂಗಡಿಯವರ ಹಿರಿಸೊಸೆ. ಅಂಗಡಿಯ ಹೆಸರಿಗೆ ಊರೆಲ್ಲ ಮರ್ಯಾದೆ ಕೊಡುತ್ತಿತ್ತು, ಆದರೆ ಬಾವಿಯಿಂದ ನೀರು ಸೇದುವುದು ಮಾತ್ರ ನಾನೇ. ಮೊದಲ ಸಲ ಅವಳ ಮನೆಗೆ ಹೋದಾಗ ಕೈ ತೊಳೆಯುವ ನೆಪದಲ್ಲಿ ಮೂರು ಸಲ ನಲ್ಲಿ ತಿರುಗಿಸಿ ನೋಡಿದೆ. 

ಅವಳನ್ನು ಎಲ್ಲರೂ ಮೆಚ್ಚುತ್ತಿದ್ದರು. ಅದು ಇನ್ನೂ ಸಂಕಟ. ಅಕ್ಕಪಕ್ಕದ ತಮಿಳರ ಮನೆಯವರು ಅವಳನ್ನು ತಂಗಚ್ಚಿ ಎಂದು ಕರೆದು ಇಡ್ಲಿ ಕೊಟ್ಟು ಕಳಿಸುತ್ತಿದ್ದರು. ನಾನು ಮಾಡಿದ ಸಾರಿಗೆ ಉಪ್ಪು ಸಾಲದು ಎಂದು ಮುಖ ಕಿವುಚುತ್ತಿದ್ದ ನಮ್ಮತ್ತೆ, ಹಬ್ಬಕ್ಕೆ ಬಂದ ಅವಳು ಮಾಡಿದ ಸಪ್ಪೆ ಸಾರನ್ನು ಹಿತವಾಗಿದೆ ಎಂದು ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಅವಳು ನನ್ನನ್ನು ಅಕ್ಕ ಅಕ್ಕ ಎಂದು ಸುತ್ತುತ್ತಿದ್ದಳು. ಜಗಳವಾಡೋಣ ಎಂದರೆ ಹಿಡಿಯಲು ಒಂದು ಎಳೆಯೂ ಸಿಗದ ಹೆಂಗಸು.

ಅವಳ ಹತ್ತಿರ ಇಲ್ಲದ್ದು ನನ್ನ ಹತ್ತಿರ ಒಂದೇ ಒಂದಿತ್ತು. ಅದು ನನ್ನ ತವರಿನ ಕಥೆ.

ನನ್ನ ತವರು ಮಲವಗೊಪ್ಪದ ಕಡೆ. ನಮ್ಮಪ್ಪ ಗದ್ದೆ ಮಾಡಿಕೊಂಡಿದ್ದವರು. ವರ್ಷಕ್ಕೊಮ್ಮೆ ಹಿರಿಯರ ಹಬ್ಬದಲ್ಲಿ ತೀರಿಹೋದವರಿಗೆಲ್ಲ ಬಾಳೆಲೆ ಹಾಕಿ ಎಡೆ ಇಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮಲ್ಲಿ ಮಾತ್ರ ಎಲ್ಲ ಎಲೆಗಳನ್ನು ಮೂಡಣ ಗೋಡೆಗೆ ಸಾಲಾಗಿ ಹಾಕಿ, ಒಂದನ್ನು ಬೇರೆಯಾಗಿ ಪಡುವಣಕ್ಕೆ ತಿರುಗಿಸಿ ಹಾಕುತ್ತಿದ್ದರು. ಆ ಎಲೆಗೆ ಬಡಿಸುವ ಕಡುಬಿಗೂ ಪಲ್ಯಕ್ಕೂ ಉಪ್ಪು ಹಾಕುವಂತಿಲ್ಲ. ಪೂಜೆ ಮುಗಿದ ಮೇಲೆ ಅದನ್ನು ಮನೆಯವರು ಯಾರೂ ಮುಟ್ಟದೆ ಹಸುವಿಗೆ ಕೊಡುತ್ತಿದ್ದರು.

ಕೆಳದಿ ಅರಸರ ಕಾಲದಲ್ಲಿ ನಮ್ಮ ವಂಶದ ಒಬ್ಬ ಹೊನ್ನಾವರದ ಎದುರು ಕಡಲಿನೊಳಗಿರುವ ದುರ್ಗಕ್ಕೆ ಬಾಗಿಲು ಕಾಯಲು ಹೋಗಿದ್ದನಂತೆ. ಅರಸೊತ್ತಿಗೆ ಕೈತಪ್ಪಿತು. ದುರ್ಗದಲ್ಲಿದ್ದವರೆಲ್ಲ ದೋಣಿ ಹತ್ತಿ ಊರು ಸೇರಿದರು. ಕಾವಲು ಬಿಟ್ಟು ಬಾ ಎಂದು ಇವನಿಗೆ ಹೇಳುವುದನ್ನು ಮಾತ್ರ ಎಲ್ಲರೂ ಮರೆತರು. ಹೇಳದೆ ಬಾಗಿಲು ಬಿಡುವ ಮನುಷ್ಯ ಅವನಲ್ಲ, ಹಾಗಾಗಿ ಅಲ್ಲೇ ಉಳಿದುಹೋದ. ಎಲೆ ಪಡುವಣಕ್ಕೆ ತಿರುಗಿದ್ದು ಅವನು ಆ ದಿಕ್ಕಿನಲ್ಲಿದ್ದಾನೆ ಎಂದು. ಉಪ್ಪು ಹಾಕದಿದ್ದದ್ದು ಸುತ್ತ ಉಪ್ಪುನೀರನ್ನೇ ನೋಡಿ ಸಾಕಾಗಿರುತ್ತದೆ ಪಾಪ ಎಂದು. ಅಪ್ಪ ಇದನ್ನು ಹೇಳುವಾಗ ಪ್ರತಿ ವರ್ಷ ಗಂಟಲು ಕಟ್ಟುತ್ತಿತ್ತು. ನಿನ್ನೆ ಮೊನ್ನೆ ಹೋದ ಅಣ್ಣನೋ ತಮ್ಮನೋ ಎನ್ನುವ ಹಾಗೆ ಹೇಳುತ್ತಿದ್ದರು.

ಮದುವೆಯಾಗಿ ಬಂದ ವರ್ಷ ನಾನು ಗಂಡನ ಮನೆಯಲ್ಲೂ ಒಂದೆಲೆ ತಿರುಗಿಸಿ ಹಾಕಿದೆ. ಅಂಗಡಿ ನಡೆಸುವ ಮನೆಯಲ್ಲಿ ಎಡೆಯನ್ನು ಮುಳುಗುವ ದಿಕ್ಕಿಗೆ ಇಡುವುದೇ ಎಂದು ಅತ್ತೆ ಎಲೆ ಎತ್ತಿಸಿದರು. ಮರುವರ್ಷವೂ ಹಾಕಿದೆ, ಮರುವರ್ಷವೂ ಎತ್ತಿಸಿದರು. ಮೂರನೆಯ ವರ್ಷ ನಾನು ಹಾಕಲಿಲ್ಲ. ಬಿಡಬೇಕಾಯಿತಲ್ಲ ಎಂದು ಕಣ್ಣೀರು ಹಾಕಿದೆನೆಂದು ಊರಿಗೆಲ್ಲ ಹೇಳಿಕೊಂಡೆನೇ ಹೊರತು ನಿಜಕ್ಕೂ ಅಂಥ ದುಃಖವೇನೂ ಆಗಿರಲಿಲ್ಲ. ಓರಗಿತ್ತಿ ಹೊಸದಾಗಿ ಬಂದಾಗ, ಅವಳು ಇನ್ನೂ ನಮ್ಮ ಜೊತೆಗೇ ಇದ್ದ ದಿನಗಳಲ್ಲಿ, ಅವರೆಕಾಯಿ ಸುಲಿಯುತ್ತಾ ಇಡೀ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಅವಳನ್ನು ಅಳಿಸಿದೆನಲ್ಲ ಎಂದು ನನಗೆ ಅವತ್ತು ಸಂತೋಷವೇ ಆಯಿತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚೆ ನಮ್ಮೂರಲ್ಲಿ ಒಬ್ಬ ಚರಿತ್ರೆ ಮೇಷ್ಟರು ಕೆಲಸದಿಂದ ನಿವೃತ್ತರಾದರು. ಸುಮ್ಮನೆ ಜಗಲಿಯಲ್ಲಿ ಕೂರುವ ಜೀವ ಅದಲ್ಲ. ಸಂಕ್ರಾಂತಿ ಕಳೆದು ಕಡಲು ತಣ್ಣಗಾದ ಮೇಲೆ ಎಂಟೇ ಎಂಟು ಜನರನ್ನು ಕರೆದುಕೊಂಡು ಹೊನ್ನಾವರದ ಕಡೆಯ ನಡುಗಡ್ಡೆಗಳನ್ನೂ ಹಳೆಯ ದುರ್ಗವನ್ನೂ ತೋರಿಸಿಕೊಂಡು ಬರುವುದಾಗಿ ಹೊರಟರು. ಎಂಟಕ್ಕಿಂತ ಹೆಚ್ಚು ಜನ ದೋಣಿಗೆ ಭಾರ, ತಮ್ಮ ಗಂಟಲಿಗೂ ಭಾರ ಎನ್ನುತ್ತಿದ್ದರು. ಗಂಡಸರು ಹೆಂಡತಿಯರನ್ನು ಕರೆತಂದರೆ ಮಾತ್ರ ಜಾಗ. ಅದಕ್ಕೆ ಬಜಾರಿನಲ್ಲಿ ಬಹಳ ನಗೆಯಾಡಿದರು.

ಆ ಎಂಟರಲ್ಲಿ ನನಗೂ ಜಾಗ ಸಿಕ್ಕಿತು, ಆದರೆ ಸಿಕ್ಕ ರೀತಿ ನೋಡಿ. ನನ್ನ ತವರಿನ ದುರ್ಗ ಅದು, ನಾನು ಹೋಗಲೇಬೇಕು ಎಂದು ಗಂಡನಿಗೆ ಹದಿನೈದು ದಿನ ಹೇಳಿದೆ. ಅಂಗಡಿ ಯಾರು ನೋಡುತ್ತಾರೆ ಎಂದರು. ಅತ್ತೆಗೆ ಹೇಳಿದೆ. ಹೆಂಗಸರಿಗೆ ಕಡಲೇಕೆ ಎಂದರು. ಆಮೇಲೆ ಭದ್ರಾವತಿಯಿಂದ ಮೈದುನ ಬಂದ. ತಾವಿಬ್ಬರೂ ಹೋಗುತ್ತಿರುವುದಾಗಿಯೂ, ಅಕ್ಕ ಬಾರದಿದ್ದರೆ ತಾನೂ ಬರುವುದಿಲ್ಲ ಎಂದು ಹೆಂಡತಿ ಹಟ ಹಿಡಿದಿರುವುದಾಗಿಯೂ ಹೇಳಿದ. ಅದೇ ಅತ್ತೆ ಒಂದು ಗಳಿಗೆಯಲ್ಲಿ ಒಪ್ಪಿ, ಅಂಗಡಿಯನ್ನು ಗುಮಾಸ್ತರಿಗೆ ವಹಿಸಿ ನನ್ನ ಗಂಡನನ್ನೂ ಹೊರಡಿಸಿಬಿಟ್ಟರು. ನನ್ನ ಹಿರೀಕನನ್ನು ನೋಡಲು ನಾನು ಅವಳ ದಯೆಯಿಂದ ಹೋಗುವಂತಾಯಿತು. ಸೀರೆ ಮಡಿಸಿ ಟ್ರಂಕಿಗೆ ಇಡುವಾಗ ಮೈಯೆಲ್ಲ ಉರಿಯುತ್ತಿತ್ತು.

ಮೇಷ್ಟರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ನಡುಗಡ್ಡೆಗೆ ಹೋಗುವ ದೋಣಿಯಲ್ಲಿ ಪ್ರತಿಯೊಬ್ಬರೂ ಆ ಜಾಗದ ಬಗ್ಗೆ ತಮಗೆ ತಿಳಿದ ಒಂದು ಸಂಗತಿ ಹೇಳಬೇಕು. ಅಜ್ಜಿ ಹೇಳಿದ್ದಾದರೂ ಸರಿ, ಸಂತೆಯಲ್ಲಿ ಕೇಳಿದ್ದಾದರೂ ಸರಿ. ಅದನ್ನು ಅವರು ಪುಸ್ತಕದಲ್ಲಿ ಬರೆದುಕೊಂಡು, ಊರಿಗೆ ಮರಳಿದ ಮೇಲೆ ಶಾಲೆಯ ಹಾಲಿನಲ್ಲಿ ಭಾಷಣ ಮಾಡುತ್ತಾರೆ. ಇದನ್ನು ಕೇಳಿದ ದಿನದಿಂದ ನಾನು ನನ್ನ ಕಥೆಯನ್ನು ಮನಸ್ಸಿನಲ್ಲೇ ತಿದ್ದತೊಡಗಿದೆ. ಬಸ್ಸು ಸಾಗರ ದಾಟುವಾಗ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹೇಳಿಕೊಂಡೆ. ಜೋಗದ ಹತ್ತಿರ ಎಲ್ಲರೂ ನೀರು ಧುಮುಕುವುದನ್ನು ನೋಡಿ ಬಾಯಿ ಬಿಟ್ಟಿದ್ದಾಗ ನಾನು ಗಂಟಲು ಕಟ್ಟಬೇಕಾದ್ದು ಯಾವ ಮಾತಿನಲ್ಲಿ ಎಂದು ಲೆಕ್ಕ ಹಾಕುತ್ತಿದ್ದೆ. ಮೈಸೂರು ಸೀಮೆ ಮುಗಿಯುವ ಚೌಕಿಯಲ್ಲಿ ಪೊಲೀಸಿನವನು ಗಂಟು ಬಿಚ್ಚಿಸುವಾಗಲೂ ನನ್ನ ತುಟಿ ಅಲುಗುತ್ತಿತ್ತಂತೆ. ಆಯಮ್ಮ ಜಪ ಮಾಡುತ್ತಿದ್ದಾರೆ, ಬಿಡಿ ಎಂದು ಮೇಷ್ಟರು ಅವನಿಗೆ ಹೇಳಿದರು.

ಗೇರುಸೊಪ್ಪೆಯಲ್ಲಿ ಲಾಂಚು ಹತ್ತಿ, ಶರಾವತಿಯಲ್ಲಿ ಇಳಿದು ಹೊನ್ನಾವರ ಸೇರಿದೆವು. ಮೊದಲ ದಿನ ಹೊಳೆಯೊಳಗಿನ ಸಣ್ಣ ನಡುಗಡ್ಡೆಗಳನ್ನು ನೋಡಿದ್ದಾಯಿತು. ದುರ್ಗ ಮರುದಿನಕ್ಕೆ. ಬೆಳಗ್ಗೆ ನಾನು ಏಳುವ ಹೊತ್ತಿಗೆ ಓರಗಿತ್ತಿ ಛತ್ರದ ಅಡಿಗೆಮನೆಯಲ್ಲಿ ಹಬೆಯ ಮುಂದೆ ಕೂತು ಏನೋ ಬೇಯಿಸುತ್ತಿದ್ದಳು. ಎಂಟು ಜನಕ್ಕೂ ತಿಂಡಿ ಮಾಡಿ ಹೊಗಳಿಸಿಕೊಳ್ಳುವ ಆಟ ಎಂದುಕೊಂಡು ಮುಖ ತೊಳೆಯಲು ಹೋದೆ.

ದೋಣಿ ಹೊಳೆಯ ಬಾಯಿ ದಾಟಿ ಕಡಲಿಗೆ ಬಿದ್ದಿತು. ದೂರದಲ್ಲಿ ಕೆಂಪು ಕಲ್ಲಿನ ಗೋಡೆ ಸುತ್ತಿಕೊಂಡ ಗುಡ್ಡ ಕಾಣಿಸಿತು. ಅಂಬಿಗರು ನಡುಗಡ್ಡೆಗೆ ತಮ್ಮ ಮಾತಿನಲ್ಲಿ ಕುರ್ವೆ ಎನ್ನುತ್ತಾ ಅದನ್ನು ತೋರಿಸಿದರು. ಮೇಷ್ಟರು ಪುಸ್ತಕ ತೆಗೆದು ಒಂದು ತುದಿಯಿಂದ ಶುರು ಮಾಡಿದರು. ಜೊತೆಗೆ ಬಂದಿದ್ದ ವಕೀಲರು ಯಾವುದೋ ಗೆಜೆಟಿಯರಿನಿಂದ ಓದಿದ್ದನ್ನು ಒಪ್ಪಿಸಿದರು. ಅವರ ಹೆಂಡತಿ ತನಗೇನೂ ತಿಳಿಯದೆಂದು ನಕ್ಕರು. ಮೇಷ್ಟರ ಹೆಂಡತಿ ಗಂಡನಿಂದ ಕೇಳಿದ್ದನ್ನೇ ಗಂಡನಿಗೆ ಹೇಳಿದರು. ನನ್ನ ಮೈದುನ ತೋಪುಗಳ ಕಬ್ಬಿಣದ ವಿಚಾರ ಹೇಳಿದ. ಆಮೇಲೆ ಓರಗಿತ್ತಿಯ ಸರದಿ, ಅವಳಾದ ಮೇಲೆ ನಾನು.

ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು, "ನಮ್ಮನೇಲಿ ಹಿರಿಯರ ಹಬ್ಬಕ್ಕೆ ಒಂದೆಲೆ ಪಡುವಣಕ್ಕೆ ಹಾಕ್ತೀವಿ. ಈ ದುರ್ಗದ ಬಾಗಿಲು ಕಾದೋನಿಗೆ."

ನಮ್ಮನೇಲಿ! ಯಾವ ಮನೆಯಲ್ಲಿ? ಭದ್ರಾವತಿಗೆ ಹೋದ ಮೊದಲ ವರ್ಷದಿಂದಲೇ, ಬೇಡ ಎನ್ನುವ ಅತ್ತೆ ಇಲ್ಲದ ಆ ಮನೆಯಲ್ಲಿ, ಅವಳು ತಪ್ಪದೆ ಎಡೆ ಇಡುತ್ತಿದ್ದಳೆಂಬುದು ನನಗೆ ಗೊತ್ತಾದದ್ದು ಆ ದೋಣಿಯಲ್ಲಿ. ಅವಳು ಕಥೆಯನ್ನು ಪೂರ್ತಿ ಹೇಳಿದಳು. ನಾನು ಹೇಳುತ್ತಿದ್ದುದಕ್ಕಿಂತ ಚೆನ್ನಾಗಿ ಹೇಳಿದಳು, ಅದನ್ನು ಮುಚ್ಚಿಟ್ಟು ಏನು ಬಂತು. ಬಾ ಎಂದು ಹೇಳುವುದನ್ನು ಮರೆತರು ಎನ್ನುವ ಕಡೆ ಅಂಬಿಗನೊಬ್ಬ ಹುಟ್ಟು ಹಾಕುವುದನ್ನೇ ನಿಲ್ಲಿಸಿದ. ಮಧ್ಯೆ ಎರಡು ಸಲ, ಸರಿಯಾಗಿದೆಯಾ ಎಂದು ಕೇಳುವವಳಂತೆ ನನ್ನ ಕಡೆ ನೋಡಿದಳು. ನಾನು ಕಡಲಿನ ಕಡೆ ತಿರುಗಿಕೊಂಡೆ. ಮೇಷ್ಟರು ಎರಡು ಪುಟ ಬರೆದು, ನನ್ನ ಸರದಿ ಬಂದಾಗ ನಿಮ್ಮದೇನು ತಾಯಿ ಎಂದು ಕೇಳಿದರು. ಏನೂ ಇಲ್ಲ ಎಂದೆ.

ದೋಣಿ ಬಂಡೆಗೆ ತಾಗಿತು. ಕೈ ಹಿಡಿದು ಒಬ್ಬೊಬ್ಬರನ್ನೇ ಇಳಿಸಿದರು. ಮೆಟ್ಟಿಲು ಹತ್ತಿ ದುರ್ಗದ ಬಾಗಿಲ ಹತ್ತಿರ ಬಂದೆವು. ಬಾಗಿಲೆಲ್ಲಿ, ಕಲ್ಲಿನ ಕಮಾನು, ಮೇಲೆ ಬೇರು ಬಿಟ್ಟ ಒಂದು ಗಿಡ. ಒಳಗೆಲ್ಲೋ ಸಿಹಿನೀರಿನ ಬಾವಿ ಇದೆ ಎಂದರು. ಚಿಕ್ಕಂದಿನಿಂದ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಬಾಗಿಲು ಇದಕ್ಕಿಂತ ದೊಡ್ಡದಿತ್ತು. ಆದರೂ ಕಮಾನಿನ ಒಳಮಗ್ಗುಲಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಒಂದು ಕಟ್ಟೆ ಇತ್ತು. ಅದನ್ನು ನೋಡಿದಾಗ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ಅಪ್ಪ ಇರಬೇಕಿತ್ತು ಎನಿಸಿತು.

ಅಷ್ಟರಲ್ಲಿ ಓರಗಿತ್ತಿ ಗಂಟು ಬಿಚ್ಚಿದಳು. ಬಾಳೆಲೆ, ಅದರೊಳಗೆ ನಾಲ್ಕು ಕಡುಬು. ಛತ್ರದಲ್ಲಿ ಬೇಯಿಸುತ್ತಿದ್ದದ್ದು ಅದು. ಎಲ್ಲರೂ ಸುತ್ತ ನಿಂತರು, ಮೇಷ್ಟರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವಳು ಎಲೆಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಚಾಚಿದಳು.

"ಅಕ್ಕ, ನೀವೇ ಇಡಿ."

ಇವತ್ತು ಯೋಚಿಸಿದರೆ ಅದಕ್ಕಿಂತ ಚೆಂದದ ಮಾತು ಅವಳು ಆಡಲು ಸಾಧ್ಯವಿರಲಿಲ್ಲ. ಅವತ್ತು ನನಗೆ ಕೇಳಿಸಿದ್ದು ಬೇರೆ. ನನ್ನ ಮನೆಯ ಎಡೆಯನ್ನು ನನಗೇ ದಾನ ಕೊಡಲು ಬಂದಿದ್ದಾಳೆ, ಅದೂ ಎಂಟು ಜನರ ಎದುರು. ನಾನು ಕೈ ಚಾಚಲಿಲ್ಲ. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ಇದು ನನ್ನ ತವರಿನ ಕಥೆ ಮೇಷ್ಟ್ರೆ. ಇವಳಿಗೆ ಅರ್ಧ ಗೊತ್ತು. ಅವನೇನು ಬಾಗಿಲು ಕಾಯ್ಲಿಲ್ಲ, ವೈರಿಗಳಿಗೆ ಬಾಗಿಲು ತೆಗೆದುಕೊಟ್ಟೋನು ಅವನೇ. ತಿಂದ ಉಪ್ಪಿಗೆ ದ್ರೋಹ ಮಾಡಿದ ಅಂತ್ಲೇ ಅವನ ಎಡೆಗೆ ಉಪ್ಪು ಹಾಕಲ್ಲ. ಮನೆಯೊಳಗೆ ಬರಬಾರದು ಅಂತ ಎಲೆ ತಿರುಗಿಸಿ ಇಡೋದು."

ಒಂದು ತೊಟ್ಟೂ ನಿಜವಿಲ್ಲದ ಮಾತು. ಎಲ್ಲಿಂದ ಬಂತೋ, ಆಡುತ್ತಾ ಆಡುತ್ತಾ ಒಂದಕ್ಕೊಂದು ಕೂಡಿಕೊಂಡಿತು. ಮೇಷ್ಟರ ಕಣ್ಣು ಅರಳಿತು. ಉಪ್ಪಿಲ್ಲದ್ದಕ್ಕೆ ಈಗ ಕಾರಣ ಸಿಕ್ಕಿತು, ಇದೇ ಸರಿ, ಇದೇ ಸರಿ ಎಂದು ಪುಸ್ತಕ ತೆಗೆದು, ದೋಣಿಯಲ್ಲಿ ಬರೆದಿದ್ದ ಎರಡು ಪುಟಕ್ಕೆ ಅಡ್ಡಗೆರೆ ಎಳೆದರು. ಮೈದುನ ಹೆಂಡತಿಯನ್ನು ನೋಡಿ ಮುಖ ಕೆಳಗೆ ಹಾಕಿದ. ನನ್ನ ಗಂಡ ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವರೂ ನಮ್ಮಪ್ಪನ ಬಾಯಿಂದ ಆ ಕಥೆ ಕೇಳಿದ್ದವರು, ಆದರೂ ಅಷ್ಟು ಜನರ ಮುಂದೆ ಏನೂ ಹೇಳಲಿಲ್ಲ.

ಓರಗಿತ್ತಿ ಎಲೆ ಹಿಡಿದುಕೊಂಡೇ ಕಮಾನಿನೊಳಕ್ಕೆ ನಡೆದಳು. ಆಮೇಲೆ ಅದನ್ನು ಕಟ್ಟೆಯ ಮೇಲೆ ತಾನೇ ಇಟ್ಟು, ನೀರು ಬಿಟ್ಟು, ನಮಸ್ಕಾರ ಮಾಡಿದಳು. ನಾನು ಮಾಡಲಿಲ್ಲ. ವಾಪಸು ದೋಣಿಯಲ್ಲಿ ಕೂತಾಗ ಗೆದ್ದೆ ಎಂದುಕೊಂಡೆ. ಆ ಗೆಲುವು ಹೊನ್ನಾವರದ ದಡ ಮುಟ್ಟುವವರೆಗೂ ಉಳಿಯಲಿಲ್ಲ. ದುರ್ಗ ಸಣ್ಣದಾಗುತ್ತಾ ಹೋಯಿತು. ಬೆನ್ನ ಹಿಂದೆ ಯಾರನ್ನೋ ಬಿಟ್ಟು ಬಂದ ಹಾಗೆ ನಾನು ಮತ್ತೆ ಮತ್ತೆ ತಿರುಗಿ ನೋಡಿದೆ.

ಮೇಷ್ಟರು ಶಾಲೆಯ ಹಾಲಿನಲ್ಲಿ ಭಾಷಣ ಮಾಡಿದರು. ಮಲವಗೊಪ್ಪದ ಕಡೆಯ ಒಂದು ಮನೆತನ, ಉಪ್ಪಿಗೆ ದ್ರೋಹ, ತಿರುಗಿಸಿದ ಎಲೆ, ಎಲ್ಲ ಬಂತು. ಜನ ಚಪ್ಪಾಳೆ ತಟ್ಟಿದರಂತೆ. ತಿಂಗಳೊಳಗೆ ಮಾತು ಸಂತೆಗೆ ಬಂತು, ಸಂತೆಯಿಂದ ನಮ್ಮಪ್ಪನ ಕಿವಿಗೆ. ಒಂದು ಮಧ್ಯಾಹ್ನ ಅಪ್ಪ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ. "ಅಂಥ ಮಾತು ಯಾರು ಆಡಿದರವ್ವ?" ಎಂದು ಕೇಳಿದರು.

ಭದ್ರಾವತಿಯವಳು ಎಂದೆ.

ಬಾಯಿಂದ ಬಿದ್ದೇಬಿಟ್ಟಿತು. ಅಪ್ಪ ತಲೆಯಾಡಿಸಿದರು. ಪಾಪ, ಪರರ ಮನೆಯ ಹುಡುಗಿ, ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ಎದ್ದು ಹೋದರು. ಆ ವರ್ಷದ ಹಬ್ಬದಲ್ಲಿ ಅಪ್ಪ ಎಲೆ ಹಾಕಿದರು, ಕಥೆ ಹೇಳಲಿಲ್ಲವಂತೆ. ಎರಡು ವರ್ಷದ ಮೇಲೆ ತೀರಿಕೊಂಡರು. ಊರವರು ಆಡಿಕೊಳ್ಳುತ್ತಾರೆ ಎಂದು ನನ್ನ ತಮ್ಮ ಆ ಎಲೆಯನ್ನೇ ನಿಲ್ಲಿಸಿಬಿಟ್ಟ. ಅವನನ್ನು ಬಯ್ಯಲು ನನಗೆ ಯಾವ ಮುಖವಿತ್ತು.

ಯುದ್ಧದ ವರ್ಷಗಳು ಬಂದವು. ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ಕ್ಯೂ. ಅತ್ತೆ ಹೋಗಿ ವರ್ಷ ತುಂಬಿತ್ತು. ಆ ಸಲ ಹಿರಿಯರ ಹಬ್ಬವನ್ನು ಎಲ್ಲರೂ ಸೇರಿ ಭದ್ರಾವತಿಯಲ್ಲೇ ಮಾಡೋಣ ಎಂದು ಮೈದುನ ಕಾಗದ ಬರೆದ. ಹೋದೆವು. ನಲ್ಲಿ ಹಾಗೇ ಇತ್ತು, ಹೊಟ್ಟೆಕಿಚ್ಚೂ ಹಾಗೇ ಇತ್ತು. ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಎಲೆಗಳನ್ನು ಹಾಕಿದ್ದಳು. ಅತ್ತೆಗೆ ಒಂದು, ಮಾವನಿಗೆ ಒಂದು, ನಮ್ಮಪ್ಪನಿಗೂ ಒಂದು. ಆಮೇಲೆ ಪಡುವಣದ ಕಿಟಕಿಯ ಕೆಳಗೆ, ಬೇರೆಯಾಗಿ, ಒಂದು.

ರೇಷನ್ ಅಕ್ಕಿಯಲ್ಲಿ ಮನೆಯವರಿಗೇ ಎರಡೆರಡು ಕಡುಬು ಬರುವುದು ಕಷ್ಟ. ಆ ಎಲೆಗೆ ಮೂರು ಬಡಿಸಿದ್ದಳು.

ಅವಳ ಮಗಳಿಗೆ ಆಗ ಒಂಬತ್ತೋ ಹತ್ತೋ. ಕೆಟ್ಟೋನಿಗೆ ಯಾಕೆ ಮೂರು ಎಂದು ಕೇಳಿತು. ಓರಗಿತ್ತಿ ಪಲ್ಯ ಬಡಿಸುತ್ತಾ, ತಲೆ ಎತ್ತದೆ, "ತಪ್ಪು ಮಾಡಿದೋರಿಗೂ ಹಸಿವಾಗುತ್ತಲ್ಲ ಪುಟ್ಟಿ. ಬೇರೆ ಯಾರೂ ಇಡಲ್ಲ ಅವನಿಗೆ. ನಾವೂ ಇಡದಿದ್ರೆ ಹೇಗೆ?" ಎಂದಳು.

ಅವಳು ನನ್ನ ಸುಳ್ಳನ್ನು ನಂಬಿದ್ದಳು. ನಂಬಿಯೂ ಎಡೆ ನಿಲ್ಲಿಸಿರಲಿಲ್ಲ. ನಾನು ಅವನನ್ನು ದ್ರೋಹಿ ಮಾಡಿದೆ, ಸ್ವಂತ ಮನೆಯವರು ಕೈಬಿಟ್ಟರು, ಸಂಬಂಧವೇ ಇಲ್ಲದ ಇವಳು ಎಷ್ಟೋ ವರ್ಷದಿಂದ ಅವನಿಗೆ ಉಣ್ಣಲು ಇಡುತ್ತಾ ಬಂದಿದ್ದಳು. ಮಗುವಿನ ಎದುರಿಗೇ ಎಲ್ಲ ಹೇಳಿಬಿಟ್ಟೆ. ನೀನು ದೋಣಿಯಲ್ಲಿ ಹೇಳಿದ್ದೇ ನಿಜ, ಬಾಗಿಲ ಹತ್ತಿರ ನಾನು ಹೇಳಿದ್ದು ಸುಳ್ಳು, ನೀನು ಚೆನ್ನಾಗಿ ಹೇಳಿದೆಯಲ್ಲ ಎಂಬ ಉರಿಗೆ ಹುಟ್ಟಿಸಿದ್ದು, ಅಪ್ಪನ ಹತ್ತಿರ ನಿನ್ನ ಹೆಸರು ಹೇಳಿ ತಪ್ಪಿಸಿಕೊಂಡೆ ಎಂದೆ. 

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಸೌಟನ್ನು ಪಾತ್ರೆಯಲ್ಲಿಟ್ಟು ಆ ಎಲೆಯ ಕಡೆ ತಿರುಗಿದಳು. ಕುಹಕವಲ್ಲ, ಅವಳಿಗೆ ಅದು ಬರುವುದೂ ಇಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು.

"ಹಾಗಾದ್ರೆ ಇಷ್ಟು ವರ್ಷ ನಾನು ತಪ್ಪು ಮಾಡಿದೋರು ಅಂತ ಎಡೆ ಇಟ್ಟಿದ್ದು ಯಾರಿಗಕ್ಕ?"

ನಾನು ಕಿಟಕಿಯ ಕೆಳಗೆ ಹೋಗಿ ಆ ಎಲೆಯ ಮುಂದೆ ಕೂತೆ. ಅದು ಹಸೂಗೆ ಕೊಡೋದು ದೊಡ್ಡಮ್ಮ ಎಂದು ಮಗು ಹೇಳಿತು. ಓರಗಿತ್ತಿ ಮಗಳನ್ನು ಸುಮ್ಮನಿರಿಸಿ, ಬಂದು ಕಡುಬಿನ ಮೇಲೆ ತುಪ್ಪ ಹಾಕಿದಳು. ಉಪ್ಪು ಬೇಕಾ ಎಂದು ಕೇಳಿದಳು. ಬೇಡ ಎಂದೆ.

ರೇಷನ್ ಅಕ್ಕಿಯ ಕಡುಬು. ಆದರೂ ಅಷ್ಟು ಮೆತ್ತಗೆ ನನ್ನ ಕೈಯಲ್ಲಿ ಯಾವತ್ತೂ ಬಂದಿಲ್ಲ. ಮೊದಲ ತುತ್ತಿಗೇ ಹೊಟ್ಟೆ ಉರಿಯಿತು. ಉರಿಯುತ್ತಲೇ ಮೂರನ್ನೂ ಉಂಡು ಎಲೆ ಮಡಿಸಿದೆ.